ಅಳುವ ಮೊದಲೇ ಹಾಲು

ಅತ್ತರೆ ತಾನೇ ಅಮ್ಮ ಹಾಲು ಕೊಡುವುದು ಎಂಬುದು ಕನ್ನಡನಾಡಿನ ಮನೆಮನೆಯಲ್ಲೂ ಕೇಳುವ ಮಾತು. ಬಡ್ತಿ ಸಿಗದ ಗುಮಾಸ್ತನಿಗೆ, ರಸ್ತೆ ಬಾರದ ಊರಿನವರಿಗೆ, ಅಂಕ ಕಡಿಮೆ ಬಂತೆಂದು ಕೊರಗುತ್ತಾ ಮರುಎಣಿಕೆಗೆ ಅರ್ಜಿ ಹಾಕಲು ಹಿಂಜರಿಯುವ ವಿದ್ಯಾರ್ಥಿಗೆ ಹಿರಿಯರು ಇದನ್ನೇ ಹೇಳಿ ಹುರಿದುಂಬಿಸುತ್ತಾರೆ. ಲೋಕವ್ಯವಹಾರದ ಮಟ್ಟಿಗೆ ಮಾತು ಸರಿಯೇ. ಹಸುಗೂಸಿನ ಮಟ್ಟಿಗೆ ಮಾತ್ರ ಇದು ಅಷ್ಟಾಗಿ ಹೊಂದುವುದಿಲ್ಲ. ಮಗು ಹಸಿವಾದ ಕೂಡಲೇ ಅಳುವುದಿಲ್ಲ. ಮೊದಲು ನಿದ್ದೆಯಲ್ಲೇ ಮಿಸುಕಾಡುತ್ತದೆ. ತುಟಿ ಚಪ್ಪರಿಸುತ್ತದೆ. ತಲೆಯನ್ನು ಆಚೀಚೆ ತಿರುಗಿಸಿ ಹುಡುಕುತ್ತದೆ. ಮುಷ್ಟಿಯನ್ನು ಬಾಯಿಗೆ ಒಯ್ಯುತ್ತದೆ. ಇದಾವುದಕ್ಕೂ ಯಾರೂ ಓಗೊಡದಿದ್ದಾಗ ಕಟ್ಟಕಡೆಗೆ ಅಳುತ್ತದೆ. ಅತ್ತು ಅತ್ತು ಕೆಂಪಾದ ಮೇಲೆ ಅದಕ್ಕೆ ಮೊಲೆ ಹಿಡಿಯುವ ವ್ಯವಧಾನವೂ ಉಳಿದಿರುವುದಿಲ್ಲ. ಪಕ್ಕದಲ್ಲೇ ಮಲಗಿದ ತಾಯಿಗೆ ಈ ಸನ್ನೆಗಳನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ತಾಯಿ ಪಕ್ಕದಲ್ಲಿ ಇಲ್ಲದಿದ್ದರೆ? ಅವಳು ಊರಿನ ಇನ್ನೊಂದು ತುದಿಯಲ್ಲಿ ಕಡತಗಳ ಮುಂದೆ ಕುಳಿತಿದ್ದು, ಮಗು ‘ಬೇಬಿ ಸಿಟ್ಟಿಂಗ್’ ಎಂದು ಬೋರ್ಡು ಹಾಕಿದ ಯಾವುದೋ ಮನೆಯ ಚಾಪೆಯ ಮೇಲಿದ್ದರೆ? ಆಗ ಆ ಸನ್ನೆಗಳನ್ನು ಓದಬೇಕಾದವರು ಬೇರೆ. ಅವರಿಗೆ ಓದಲು ಬರುತ್ತದೆಯೇ, ಓದಿದರೂ ಕೊಡಲು ಅವರ ಬಳಿ ಏನಿರುತ್ತದೆ ಎಂಬುದು ಈಗ ಸಾವಿರಾರು ಮನೆಗಳ ಪ್ರಶ್ನೆ.

ಬೆಂಗಳೂರಿನ ವಿಜಯನಗರದ ಒಂದು ಮನೆಯಲ್ಲಿ ಈ ಪ್ರಶ್ನೆ ಎದ್ದಿದ್ದು ಹೀಗೆ. ಆಕೆ ಒಂದು ಖಾಸಗಿ ಕಚೇರಿಯ ಲೆಕ್ಕಪತ್ರ ವಿಭಾಗದ ನೌಕರಳು. ಕಾನೂನಿನ ಪ್ರಕಾರ 26 ವಾರಗಳ ಹೆರಿಗೆ ರಜೆ ಸಿಕ್ಕಿತು. ಮೊದಲ ಎರಡು ಮಕ್ಕಳಿಗೆ ಇಷ್ಟು ರಜೆ ಎಂದು 2017ರ ತಿದ್ದುಪಡಿಯಲ್ಲಿ ನಿಗದಿಯಾಯಿತು. ಅದಕ್ಕೆ ಮುಂಚೆ ಇದ್ದದ್ದು 12 ವಾರ. ಲೆಕ್ಕ ಹಾಕಿದರೆ 26 ವಾರವೆಂದರೆ ಸರಿಯಾಗಿ ಆರು ತಿಂಗಳು. ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ, ಆಮೇಲೆ ಮೆತ್ತಗಿನ ಆಹಾರದ ಜೊತೆಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕಾನೂನು ಮತ್ತು ವೈದ್ಯಶಾಸ್ತ್ರ ಅಪರೂಪಕ್ಕೆ ಕೈಕುಲುಕಿದಂತೆ ಕಾಣುತ್ತದೆ. ಆದರೆ ರಕ್ತದೊತ್ತಡ ಏರಿದ್ದರಿಂದ ವೈದ್ಯರ ಮಾತಿನಂತೆ ಆಕೆ ಹೆರಿಗೆಗೆ ಆರು ವಾರ ಮೊದಲೇ ರಜೆ ಹಾಕಬೇಕಾಯಿತು. ಹೀಗಾಗಿ ಕೆಲಸಕ್ಕೆ ಮರಳುವ ದಿನ ಮಗುವಿಗೆ ಆಗಿದ್ದು 20 ವಾರ ಮಾತ್ರ. ರಾಗಿ ಸರಿಗೆ ಇನ್ನೂ ಒಂದೂವರೆ ತಿಂಗಳು ಬಾಕಿ. ಆ ಆರು ವಾರಗಳನ್ನು ದಾಟಿಸುವುದು ಹೇಗೆ?

ಮೊದಲು ನೋಡಿದ ಶಿಶುಪಾಲನಾ ಕೇಂದ್ರ ಚೆನ್ನಾಗಿಯೇ ಇತ್ತು. ಗೋಡೆಯ ಮೇಲೆ ಮಿಕ್ಕಿ ಮೌಸ್, ನೆಲಕ್ಕೆ ರಬ್ಬರ್ ಹಾಸು. ಹಾಲಿನ ವಿಷಯ ಎತ್ತಿದಾಗ ಅಲ್ಲಿನ ಮೇಲ್ವಿಚಾರಕಿ ಮುಖ ಸಿಂಡರಿಸಿದರು. “ಅದನ್ನೆಲ್ಲ ಇಲ್ಲಿ ಇಡೋಕಾಗಲ್ಲ ಮೇಡಂ. ಕೆಟ್ಟರೆ ಯಾರು ಜವಾಬ್ದಾರಿ? ಒಂದು ಡಬ್ಬ ಪೌಡರ್ ಹಾಲು, ಎರಡು ಬಾಟಲಿ ತಂದುಕೊಟ್ಟುಬಿಡಿ, ಎಲ್ಲರೂ ಹಾಗೇ ಮಾಡೋದು” ಎಂದರು.

ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಎಂದು ಆ ಡಬ್ಬದ ಮೇಲೆಯೇ ಮುದ್ರಿಸಬೇಕು ಎಂಬುದು 1992ರ ಕಾಯ್ದೆಯ ಕಟ್ಟಳೆ. ಶಿಶು ಹಾಲಿನ ಪುಡಿಯ ಜಾಹೀರಾತಿಗೂ ಪುಕ್ಕಟೆ ಮಾದರಿ ಹಂಚುವುದಕ್ಕೂ ಅದೇ ಕಾಯ್ದೆ ನಿಷೇಧ ಹಾಕಿದೆ. ಪುಡಿ ಹಾಲು ಬೇಕಾಗುವ ಸಂದರ್ಭಗಳು ಇಲ್ಲದಿಲ್ಲ. ಹಾಲು ಸಾಲದ, ಕಾಯಿಲೆಯಿಂದಾಗಿ ಕುಡಿಸಲಾಗದ ತಾಯಂದಿರಿದ್ದಾರೆ. ಅವರನ್ನು ದೂರುವುದು ಸಲ್ಲದು. ಆದರೆ ಎದೆ ತುಂಬ ಹಾಲಿರುವವಳಿಗೆ ಇಡಲು ಜಾಗವಿಲ್ಲ ಎಂಬ ಒಂದೇ ಕಾರಣಕ್ಕೆ ಡಬ್ಬ ಹಿಡಿಸುವುದು ಬೇರೆ ಮಾತು.

ಎರಡನೆಯ ಮನೆ ಎರಡು ಬೀದಿ ಆಚೆ ಇತ್ತು. ಅಂಗನವಾಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಮಹಿಳೆಯೊಬ್ಬರು ತಮ್ಮ ಮನೆಯ ನಡುಕೋಣೆಯಲ್ಲಿ ಏಳೆಂಟು ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಬೀದಿಯವರಿಗೆಲ್ಲ ಅವರು ಟೀಚರಮ್ಮ. ಗೋಡೆಯ ಮೇಲೆ ಚಿತ್ರವಿಲ್ಲ, ಆದರೆ ಮೂಲೆಯಲ್ಲಿ ಪರದೆ ಕಟ್ಟಿ ಅದರ ಹಿಂದೆ ಒಂದು ಹಳೆಯ ಬೆತ್ತದ ಕುರ್ಚಿ ಹಾಕಿದ್ದರು. “ಹಾಲು ತನ್ನಿ, ಇಡೋಣ. ಹೆಸರು, ತಾರೀಖು ಬರೆದು ತನ್ನಿ. ಆ ಕುರ್ಚಿ ನಿಮ್ಮಂಥೋರಿಗೇ” ಎಂದರು.

ಮನೆಯಲ್ಲಿ ಅತ್ತೆಯವರಿಗೆ ಇದು ಸರಿಬರಲಿಲ್ಲ. ಬಾಣಂತನಕ್ಕೆಂದು ಹಾಸನದಿಂದ ಬಂದಿದ್ದ ಅವರು ಹಿಂತಿರುಗುವ ತಯಾರಿಯಲ್ಲಿದ್ದರು. ಊರಿನಲ್ಲಿ ಮಾವನವರಿಗೆ ಮೈಯಲ್ಲಿ ಹುಷಾರಿರಲಿಲ್ಲ. “ಮೊಲೆಹಾಲು ಹಿಂಡಿ ಡಬ್ಬಿಗೆ ಹಾಕೋದನ್ನ ನಾನು ಕಂಡಿಲ್ಲ ಕಣಮ್ಮ. ದೃಷ್ಟಿ ಆಗುತ್ತೆ. ಹಳಸಲು ಹಾಲು ಕುಡಿದು ಮಗುವಿಗೆ ಭೇದಿ ಹತ್ತಿದರೆ?” ಎಂದು ಪೇಚಾಡಿದರು. ಮಕ್ಕಳ ವೈದ್ಯರು ಸಮಾಧಾನವಾಗಿ ವಿವರಿಸಿದ ಮೇಲೆ ಸುಮ್ಮನಾದರು. ಹೊರಡುವ ಹಿಂದಿನ ದಿನ ಟ್ರಂಕಿನ ತಳದಿಂದ ಬಟ್ಟೆ ಸುತ್ತಿದ ಒಂದು ಬೆಳ್ಳಿಯ ಒಳಲೆ ತೆಗೆದು ಸೊಸೆಯ ಕೈಗಿತ್ತರು. “ಬಾಟಲಿ ಮಾತ್ರ ಬೇಡ. ಇದರಲ್ಲಿ ಕುಡಿಸೋಕೆ ಹೇಳು. ಇವನ ಅಪ್ಪ ಕುಡಿದದ್ದೂ ಇದರಲ್ಲೇ.”

ಅಜ್ಜಿಯ ಈ ಮಾತಿನಲ್ಲಿ ಇಂದಿನ ವೈದ್ಯರು ಒಪ್ಪುವ ಅಂಶವಿದೆ. ಬಾಟಲಿಯ ನಿಪ್ಪಲ್‌ನಿಂದ ಹಾಲು ಸಲೀಸಾಗಿ ಸುರಿಯುತ್ತದೆ. ಆ ಸುಖ ಕಂಡ ಕೆಲವು ಮಕ್ಕಳು ಆಮೇಲೆ ಮೊಲೆ ಹಿಡಿಯಲು ತಕರಾರು ಮಾಡುತ್ತವೆ. ಬಾಟಲಿಯ ಸಂದುಗಳನ್ನು ತೊಳೆಯುವುದೂ ಕಷ್ಟ. ಒಳಲೆಯಾಗಲಿ ಸಣ್ಣ ಲೋಟವಾಗಲಿ ಬಾಯಗಲ. ಉಜ್ಜಿ ತೊಳೆದು ಕುದಿಸಿದರೆ ಮುಗಿಯಿತು.

ಹಾಲನ್ನು ಇಡುವ ನಿಯಮಗಳು ಕಷ್ಟದವೇನಲ್ಲ. ಕೈಯನ್ನು ಸೋಪು ಹಾಕಿ ತೊಳೆದು, ಕುದಿಸಿ ಆರಿಸಿದ ಮುಚ್ಚಳದ ಡಬ್ಬಿಗೆ ಹಿಂಡಬೇಕು. 25 ಡಿಗ್ರಿಯಷ್ಟು ತಂಪಿರುವ ಕೋಣೆಯಲ್ಲಿ ನಾಲ್ಕು ಗಂಟೆ ಇಡಬಹುದು. ಬೇಸಿಗೆಯ ಸೆಕೆಗೆ ಅಷ್ಟೂ ಬೇಡ. ಐಸ್ ಪ್ಯಾಕ್ ಹಾಕಿದ ಚೀಲದಲ್ಲಿ ಒಂದು ದಿನ, ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನದವರೆಗೆ ಕೆಡುವುದಿಲ್ಲ. ಫ್ರಿಜ್ಜಿನ ಬಾಗಿಲಿನಲ್ಲಿ ಇಡಬಾರದು, ತೆರೆದು ಮುಚ್ಚುವಾಗ ಅಲ್ಲಿ ತಂಪು ನಿಲ್ಲದು. ಕುಡಿಸುವಾಗ ಡಬ್ಬಿಯನ್ನು ಬಿಸಿನೀರಿನ ಬಟ್ಟಲಿನಲ್ಲಿ ನಿಲ್ಲಿಸಿ ಬೆಚ್ಚಗೆ ಮಾಡಿದರೆ ಸಾಕು. ಹಸುವಿನ ಹಾಲಿನಂತೆ ಒಲೆಯ ಮೇಲಿಟ್ಟು ಉಕ್ಕಿಸಬಾರದು, ಮೈಕ್ರೋವೇವ್ ಕೂಡದು. ಮಗು ಕುಡಿದು ಬಿಟ್ಟ ಹಾಲನ್ನು ಎರಡು ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. ಇಷ್ಟೇ.

ಇಷ್ಟೇ ಆದರೂ ಮೊದಲ ದಿನವೇ ಎಡವಟ್ಟಾಯಿತು. ಟೀಚರಮ್ಮನ ಕೈಕೆಳಗೆ ಕೆಲಸ ಮಾಡುವ ಹುಡುಗಿ ಫ್ರಿಜ್ಜಿನಿಂದ ಡಬ್ಬಿ ತೆಗೆದು ನೋಡಿದಳು. ಮೇಲೆ ಹಳದಿ ಕೆನೆ, ಕೆಳಗೆ ನೀಲಿಯಂತೆ ಕಾಣುವ ತಿಳಿ. ಹಾಲು ಒಡೆದುಹೋಗಿದೆ ಎಂದುಕೊಂಡು ಎರಡು ಡಬ್ಬಿಯನ್ನೂ ಮೋರಿಗೆ ಸುರಿದಳು. ಎದೆಹಾಲನ್ನು ಅಲ್ಲಾಡದಂತೆ ಇಟ್ಟರೆ ಕೊಬ್ಬು ಮೇಲೆ ತೇಲುವುದು ಸಹಜ. ಮೆಲ್ಲಗೆ ಸುತ್ತಿಸಿದರೆ ಮತ್ತೆ ಬೆರೆಯುತ್ತದೆ. ಅದು ಆ ಹುಡುಗಿಗೆ ಗೊತ್ತಿರಲಿಲ್ಲ. ಸಂಜೆ ವಿಷಯ ತಿಳಿದಾಗ ತಾಯಿ ಅಲ್ಲೇ ಬೆತ್ತದ ಕುರ್ಚಿಯಲ್ಲಿ ಕುಳಿತು ಅತ್ತುಬಿಟ್ಟಳು. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕೂತು ಹಿಂಡಿದ ಹಾಲು ಅದು. ಟೀಚರಮ್ಮ ಹುಡುಗಿಯನ್ನು ಬೈಯಲಿಲ್ಲ. ಮಾರನೆಯ ದಿನ ಎಲ್ಲವನ್ನೂ ದೊಡ್ಡ ಅಕ್ಷರದಲ್ಲಿ ಒಂದು ರಟ್ಟಿನ ಮೇಲೆ ಬರೆಸಿ ಫ್ರಿಜ್ಜಿಗೆ ಅಂಟಿಸಿದರು.

ಬರೆದುಕೊಟ್ಟವಳು ಭಾವನವರ ಮಗಳು. ಪಿಯುಸಿ ಎರಡನೇ ವರ್ಷ ಓದಲು ಹಾಸನದಿಂದ ಬಂದು ಚಿಕ್ಕಪ್ಪನ ಮನೆಯಲ್ಲಿದ್ದ ವಿಜ್ಞಾನದ ವಿದ್ಯಾರ್ಥಿನಿ. ಕಾಲೇಜಿನಿಂದ ಬರುವಾಗ ಟೀಚರಮ್ಮನ ಮನೆಗೆ ಹೊಕ್ಕು ಬರುವುದು ಅವಳ ಪಾಲಿನ ಕೆಲಸವಾಯಿತು. ಮಗು ಎಷ್ಟು ಗಂಟೆಗೆ ಎಷ್ಟು ಕುಡಿಯಿತು, ಎಷ್ಟು ಸಲ ಉಚ್ಚೆ ಹೊಯ್ಯಿತು ಎಂದು ಹಳೆಯ ರಫ್ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದಿಡತೊಡಗಿದಳು. ಒಂದು ವಾರದ ಲೆಕ್ಕ ನೋಡಿ ಒಂದು ದಿನ, “ಚಿಕ್ಕಮ್ಮ, ಡಬ್ಬಿಗೆ ನೂರೈವತ್ತು ಎಂಎಲ್ ಹಾಕ್ತೀರಾ. ಅವನು ತೊಂಬತ್ತು ಕುಡಿದು ಬಿಡ್ತಾನೆ. ಉಳಿದದ್ದು ಮೋರಿಗೆ” ಎಂದಳು. ಅಂದಿನಿಂದ ಸಣ್ಣ ಸಣ್ಣ ಡಬ್ಬಿಗಳು ಬಂದವು. ಬೇಕಾದರೆ ಇನ್ನೊಂದು ತೆಗೆದರಾಯಿತು. ಒಂದರಿಂದ ಆರು ತಿಂಗಳವರೆಗಿನ ಮಗು ದಿನಕ್ಕೆ ಸರಾಸರಿ 750 ಮಿಲಿಲೀಟರ್ ಎದೆಹಾಲು ಕುಡಿಯುತ್ತದೆ. ಬಾಟಲಿಯನ್ನು ಖಾಲಿ ಮಾಡಿಸಲೇಬೇಕು ಎಂಬ ಹಟ ನೋಡಿಕೊಳ್ಳುವವರಿಗೆ ಇರಬಾರದು. ಮಗು ತುಟಿ ಬಿಗಿದು ಮುಖ ತಿರುಗಿಸಿದರೆ ಹೊಟ್ಟೆ ತುಂಬಿತು ಎಂದರ್ಥ.

ಕಚೇರಿಯ ಕಥೆ ಬೇರೆ. ದಿನಕ್ಕೆ ಎರಡು ಬಾರಿ ಹಾಲೂಡಿಸುವ ಬಿಡುವು ಕೊಡಬೇಕು, ಮಗುವಿಗೆ 15 ತಿಂಗಳಾಗುವವರೆಗೂ ಕೊಡಬೇಕು ಎಂದು 1961ರ ಹೆರಿಗೆ ಸೌಲಭ್ಯ ಕಾಯ್ದೆಯೇ ಹೇಳಿತ್ತು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದು ಎಂದು 2017ರ ತಿದ್ದುಪಡಿ ಸೇರಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಅಂಶಗಳಿವೆ. ಆದರೆ ಆಕೆಯ ಕಚೇರಿಯಲ್ಲಿ ಇದ್ದವರೇ ಇಪ್ಪತ್ತೆರಡು ಜನ. ಮಗುವಿದ್ದ ಮನೆ ಹನ್ನೆರಡು ಕಿಲೋಮೀಟರ್ ದೂರ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಬಿಡುವಿನ ವೇಳೆಗೆ ಹೋಗಿ ಬರುವ ಮಾತೇ ಇಲ್ಲ. ಹಿಂಡಲು ಜಾಗ ಕೇಳಿದಾಗ ಮೊದಲು ಸಿಕ್ಕಿದ ಉತ್ತರ ಶೌಚಾಲಯ. ಯಾರೂ ಶೌಚಾಲಯದಲ್ಲಿ ಕುಳಿತು ಊಟ ಮಾಡುವುದಿಲ್ಲ. ಮಗುವಿನ ಊಟವನ್ನು ಅಲ್ಲಿ ತಯಾರಿಸಬೇಕೇ ಎಂದು ಆಕೆ ಕೇಳಿದ ಮೇಲೆ ಮ್ಯಾನೇಜರು ಮುಜುಗರದಿಂದ ಸ್ಟೇಷನರಿ ಇಡುವ ಕೋಣೆಯ ಕೀಲಿ ಕೊಡಿಸಿದರು. ಹಳೆಯ ಲೆಜರುಗಳ ನಡುವೆ ಒಂದು ಕುರ್ಚಿ, ಒಳಗಿನಿಂದ ಒಂದು ಚಿಲಕ. ಅಷ್ಟು ಸಾಕಾಯಿತು.

ಮೂರನೆಯ ವಾರ ಲೆಕ್ಕಪರಿಶೋಧಕರು ಬಂದರು. ನಾಲ್ಕು ದಿನ ಮಧ್ಯಾಹ್ನದ ಬಿಡುವು ತಪ್ಪಿತು. ರವಿಕೆ ಒದ್ದೆಯಾಗಿ, ಎದೆ ಕಲ್ಲಿನಂತಾಗಿ, ಆಮೇಲೆ ಹಾಲೇ ಕಡಿಮೆಯಾಗತೊಡಗಿತು. ಎದೆಹಾಲಿನ ವ್ಯವಹಾರ ಊರ ಬಾವಿಯಂತೆ. ಸೇದಿದಷ್ಟೂ ಊರುತ್ತದೆ, ಸೇದುವುದು ಬಿಟ್ಟರೆ ಊಟೆ ಮುಚ್ಚುತ್ತದೆ. ಮಗು ಚೀಪಿದಾಗ ಅಥವಾ ಕೈಯಲ್ಲಿ ಹಿಂಡಿದಾಗ ಮೆದುಳಿಗೆ ಸುದ್ದಿ ಹೋಗಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಹಾಲನ್ನು ತಯಾರಿಸುತ್ತದೆ, ಆಕ್ಸಿಟೋಸಿನ್ ಎಂಬುದು ಅದನ್ನು ಹೊರಕ್ಕೆ ಹರಿಸುತ್ತದೆ. ಆತಂಕ, ನೋವು, ಅವಮಾನಗಳು ಆ ಹರಿವಿಗೆ ಅಡ್ಡ ಬರುತ್ತವೆ. ಎದೆಯಲ್ಲಿ ಹಾಲು ಉಳಿದೇ ಇದ್ದರೆ ತಯಾರಿಕೆಯೂ ನಿಧಾನವಾಗುತ್ತದೆ. ಪಿಯುಸಿ ಹುಡುಗಿ ಪುಸ್ತಕದಲ್ಲಿ ಓದಿದ್ದ ಹಾರ್ಮೋನುಗಳ ಹೆಸರು ಆ ವಾರ ಮನೆಯಲ್ಲಿ ಕಣ್ಣೀರಾಗಿ ಹರಿಯಿತು. “ಸಾಕು, ಡಬ್ಬ ತಂದುಬಿಡಿ” ಎಂದು ಆಕೆ ಗಂಡನಿಗೆ ಹೇಳಿಯೂ ಬಿಟ್ಟಳು.

ಆಗ ಕೈಹಿಡಿದವರು ಟೀಚರಮ್ಮ. ಅವರು ಹೇಳಿದ್ದು ಮೂರೇ ಮಾತು. ಬೆಳಿಗ್ಗೆ ಮಗುವನ್ನು ಬಿಟ್ಟು ಓಡಬೇಡ, ಆ ಕುರ್ಚಿಯಲ್ಲಿ ಕೂತು ಒಮ್ಮೆ ಕುಡಿಸಿ ಹೋಗು. ಸಂಜೆ ಹೊರಡುವಾಗ ಫೋನ್ ಮಾಡು, ನೀನು ಬರುವ ಮುಂಚೆ ಅವನಿಗೆ ಹೊಟ್ಟೆ ತುಂಬ ಕೊಡದೆ ಆಡಿಸುತ್ತಿರುತ್ತೇನೆ, ಬಂದವಳೇ ಇಲ್ಲೇ ಕೂತು ಕುಡಿಸು. ಭಾನುವಾರ ಡಬ್ಬಿಯ ಗೊಡವೆಯೇ ಬೇಡ, ದಿನವಿಡೀ ಮಗುವಿನ ಜೊತೆ ಮಲಗಿರು. ಗಂಡ ತನ್ನ ಪಾಲಿಗೆ ರಾತ್ರಿ ಡಬ್ಬಿಗಳನ್ನು ತೊಳೆದು ಕುದಿಸುವ ಕೆಲಸ ತೆಗೆದುಕೊಂಡ. ಹುಡುಗಿ ಮಗುವಿನ ನಗುವನ್ನು ಮೊಬೈಲಿನಲ್ಲಿ ಹಿಡಿದು ಚಿಕ್ಕಮ್ಮನಿಗೆ ಕಳಿಸಿದಳು. ಸ್ಟೇಷನರಿ ಕೋಣೆಯಲ್ಲಿ ಅದನ್ನು ನೋಡುತ್ತಾ ಕುಳಿತರೆ ಹಾಲು ಬೇಗ ಇಳಿಯುತ್ತಿತ್ತು. ಹತ್ತು ದಿನದಲ್ಲಿ ಊಟೆ ಮತ್ತೆ ತೆರೆಯಿತು. ಆರು ತಿಂಗಳು ತುಂಬಿದ ದಿನ ಟೀಚರಮ್ಮನೇ ಮೊದಲ ಚಮಚ ರಾಗಿ ಸರಿ ತಿನ್ನಿಸಿದರು. ಡಬ್ಬ ಮಾತ್ರ ಬರಲೇ ಇಲ್ಲ.

ದೇಶದ ಲೆಕ್ಕ ನೋಡಿದರೆ, ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲು ಮಾತ್ರ ಕುಡಿಯುತ್ತಿದ್ದವರು 2015–16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 54.9; 2019–21ರದರಲ್ಲಿ ಶೇ. 63.7. ಏರಿಕೆ ಸಂತೋಷದ್ದೇ. ಉಳಿದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನ ಮಕ್ಕಳ ತಾಯಂದಿರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಕುರ್ಚಿ, ಪರದೆ, ಬಿಡುವು ಸಿಕ್ಕಿತ್ತೇ ಎಂದು ಕೇಳಬೇಕು.

ಈ ದೇಶದಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಇಲ್ಲದಿಲ್ಲ. 1948ರ ಕಾರ್ಖಾನೆ ಕಾಯ್ದೆ ಕಾರ್ಮಿಕ ಮಹಿಳೆಯರ ಮಕ್ಕಳಿಗೆ ಪಾಲನಾ ಕೋಣೆ ಇರಬೇಕೆಂದಿತು. 1951ರ ತೋಟ ಕಾರ್ಮಿಕರ ಕಾಯ್ದೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೂ ಅದನ್ನು ತಂದಿತು. 1969ರಲ್ಲಿ ದೆಹಲಿಯಲ್ಲಿ ಕಟ್ಟಡ ಕಾರ್ಮಿಕರ ಮಕ್ಕಳು ದೂಳಿನಲ್ಲಿ ಬಿದ್ದಿರುವುದನ್ನು ಕಂಡ ಮೀರಾ ಮಹಾದೇವನ್ ಅವರು ‘ಮೊಬೈಲ್ ಕ್ರೆಷಸ್’ ಆರಂಭಿಸಿದರು. ಕೆಲಸ ಎಲ್ಲಿಗೆ ಹೋದರೆ ಮಕ್ಕಳ ಕೋಣೆಯೂ ಅಲ್ಲಿಗೆ, ತಾಯಿ ಇಟ್ಟಿಗೆ ಇಳಿಸಿ ಬಂದು ಹಾಲು ಕುಡಿಸಿ ಹೋಗುವಷ್ಟು ಹತ್ತಿರಕ್ಕೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಆದರೆ ಅಂಗನವಾಡಿಯ ಚಾಪೆಯ ಮೇಲೆ ಕೂರುವುದು ಮುಖ್ಯವಾಗಿ ಮೂರು ದಾಟಿದ ಮಕ್ಕಳು. ಅದಕ್ಕಿಂತ ಚಿಕ್ಕ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ 2023–24ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಯೋಜನೆ ಪ್ರಕಟಿಸಿತು. ಹೆಸರೇ ಮುದ್ದಾಗಿದೆ. ಅಂಥ ಮನೆಯಲ್ಲೂ ಒಂದು ಪರದೆ, ಒಂದು ಕುರ್ಚಿ ಇದ್ದರೆ ಹೆಸರಿಗೆ ತಕ್ಕ ಮನೆಯಾದೀತು.

ವಿದ್ಯಾರ್ಥಿಗಳಿಗೂ ಇದು ದೂರದ ವಿಷಯವಲ್ಲ. ಸಂಶೋಧನೆ ನಡೆಸುತ್ತಿರುವಾಗಲೇ ತಾಯಂದಿರಾಗುವವರಿದ್ದಾರೆ. ಪಿಎಚ್.ಡಿ. ವಿದ್ಯಾರ್ಥಿನಿಯರಿಗೆ 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನೆಯ ರಜೆ ಕೊಡಬಹುದೆಂದು ಯುಜಿಸಿ 2016ರಲ್ಲಿ ನಿಯಮ ಮಾಡಿತು. ರಜೆ ಮುಗಿದ ಮೇಲೆ ಪ್ರಯೋಗಾಲಯದ ಪಕ್ಕ ಮಗುವಿಗೊಂದು ಕೋಣೆ ಇದೆಯೇ ಎಂಬುದು ಆಯಾ ವಿಶ್ವವಿದ್ಯಾಲಯ ಉತ್ತರಿಸಬೇಕಾದ ಮಾತು. ಇನ್ನು ಮನೆಯಲ್ಲಿ ಅತ್ತಿಗೆಯೋ ಅಕ್ಕನೋ ಹಸುಗೂಸು ಬಿಟ್ಟು ಕೆಲಸಕ್ಕೆ ಹೊರಟಿದ್ದರೆ, ಓದುವ ಹುಡುಗರೂ ಹುಡುಗಿಯರೂ ಒಂದು ರಫ್ ನೋಟ್‌ಬುಕ್ಕಿನಿಂದ ಎಷ್ಟು ಉಪಕಾರ ಮಾಡಬಹುದು ಎಂಬುದನ್ನು ಹಾಸನದ ಹುಡುಗಿ ತೋರಿಸಿಕೊಟ್ಟಿದ್ದಾಳೆ.

ಕೊನೆಗೆ ಟೀಚರಮ್ಮನ ಮನೆಯ ಇನ್ನೊಂದು ಮಗುವಿನ ಮಾತು. ಐದು ತಿಂಗಳ ಹೆಣ್ಣು ಮಗು. ಅದರ ತಾಯಿ ಸುತ್ತಮುತ್ತಲ ನಾಲ್ಕು ಮನೆಗಳಲ್ಲಿ ಪಾತ್ರೆ, ಬಟ್ಟೆ ಕೆಲಸದವಳು. ಅವಳಿಗೆ 26 ವಾರವೂ ಇಲ್ಲ, ಎರಡು ಬಿಡುವೂ ಇಲ್ಲ. ಹೆತ್ತ ಎರಡನೇ ತಿಂಗಳಿಗೇ ಪೊರಕೆ ಹಿಡಿದಳು. ಡಬ್ಬಿ, ಐಸ್ ಪ್ಯಾಕ್ ಅವಳಿಗೆ ಬೇಕಾಗಿಲ್ಲ, ಮಗು ಎರಡೇ ಬೀದಿ ದೂರದಲ್ಲಿದೆ. ಎರಡನೇ ಮನೆ ಮುಗಿಸಿ ಮೂರನೇ ಮನೆಗೆ ಹೋಗುವ ನಡುವೆ, ಹನ್ನೊಂದು ಗಂಟೆಯ ಹೊತ್ತಿಗೆ, ಸೆರಗಿನಲ್ಲಿ ಕೈ ಒರೆಸುತ್ತಾ ಓಡಿ ಬರುತ್ತಾಳೆ. ಪರದೆಯ ಹಿಂದೆ ಕೂರುತ್ತಾಳೆ. ಮಗು ಅವಳ ಹೆಜ್ಜೆ ಸಪ್ಪಳಕ್ಕೇ ಕಾಲು ಬಡಿಯತೊಡಗುತ್ತದೆ. ಮೂರನೇ ಮನೆಯವರು ಕಾಲು ಗಂಟೆ ತಡವಾದರೆ ಮುಖ ದಪ್ಪ ಮಾಡುತ್ತಾರೆಂದು ಅವಳ ಒಂದು ಕಣ್ಣು ಗಡಿಯಾರದ ಮೇಲೆ.

ಆ ಮೂರನೇ ಮನೆಗೆ ಯಾವ ಕಾಯ್ದೆಯೂ ಬಂದು ಹೇಳುವುದಿಲ್ಲ. ಅಲ್ಲಿ ಓದುವ ಮಕ್ಕಳಿರಬಹುದು, ಭಾನುವಾರದ ಪುರವಣಿ ತಿರುವುವ ಅಪ್ಪ-ಅಮ್ಮನಿರಬಹುದು. “ಕುಡಿಸಿಕೊಂಡು ನಿಧಾನವಾಗಿ ಬಾರಮ್ಮ, ಪಾತ್ರೆ ಎಲ್ಲಿಗೂ ಹೋಗೋದಿಲ್ಲ” ಎಂದು ಅವರಲ್ಲಿ ಯಾರಾದರೂ ಒಬ್ಬರು ಹೇಳಿದರೆ ಸಾಕು.